ಬಿದ್ದ ಪ್ಯಾಡ್

“ಕೈಯಲ್ಲಿ ಹಿಚುಕಿದ್ರೆ ಏನ್ ಗೊತ್ತಾಗುತ್ತೆ ನಿಂಗೆ? ಕೆನ್ನೆಗೆ ಒತ್ತಿ ನೋಡು,” ಅಂದಳು ಚಿಕ್ಕಮ್ಮ.

“ಒತ್ತಿ ನೋಡೋಕೆ ನೀನಿದ್ದೀಯಲ್ಲ,” ಅಂದೆ.

“ನಾನು ಸತ್ರೆ?”

“ಕೆನ್ನೆ ಬಿಟ್ಟು ಹೋಗು.”

ಕೈಯಲ್ಲಿದ್ದ ಒದ್ದೆ ಪಾಲಿಶ್ ಪ್ಯಾಡನ್ನು ಹಿಂಡಿ ನನ್ನ ಮುಖಕ್ಕೆ ನೀರು ಚಿಮ್ಮಿಸಿ ನಕ್ಕಳು. ಅಷ್ಟರಲ್ಲಿ ಮುಂದುಗಡೆ ಶಟರ್ ಎತ್ತಿದ ಸದ್ದಾಯಿತು. ನಲ್ಲಿ ತಿರುಗಿಸಿದ ಹಾಗೆ ಅವಳ ನಗು ನಿಂತಿತು. ತೊಟ್ಟಿಯ ಕಡೆ ತಿರುಗಿ ತಲೆ ತಗ್ಗಿಸಿದಳು. ನಾನು ಮುಖ ಒರೆಸಿಕೊಂಡು ಹಳದಿ ಗೆರೆ ದಾಟಿ ಒಳಗೆ ಬಂದೆ. ಮಾಲೀಕರು ಕಾಲಿಡುವ ಹೊತ್ತಿಗೆ ಅವಳು ಪ್ಯಾಡ್ ತೊಳೆಯುವ ಪ್ಯಾಡಕ್ಕ, ನಾನು ಮಿಷನ್ ಹಿಡಿಯುವ ಮೇಷ್ಟ್ರು. ನಮ್ಮಿಬ್ಬರಿಗೂ ಏನೇನೂ ಸಂಬಂಧವಿಲ್ಲ.

ನಮ್ಮದು ಕಾರುಗಳಿಗೆ ಪಾಲಿಶ್ ಹಾಕುವ ಅಂಗಡಿ. ಮುಂದೆ ಗಾಜಿನ ಬಾಗಿಲು, ಸೋಫಾ, ತಣ್ಣೀರಿನ ಯಂತ್ರ. ನಡುವೆ ಪಾಲಿಶ್ ಕೋಣೆ, ಸಾಲಾಗಿ ಟ್ಯೂಬ್‌ಲೈಟು. ಹಿಂದೆ ಅಂಗಳ, ತಗಡಿನ ಚಪ್ಪರ, ನೀರಿನ ತೊಟ್ಟಿ. ಕೋಣೆಗೂ ಅಂಗಳಕ್ಕೂ ನಡುವೆ ನೆಲದ ಮೇಲೆ ಒಂದು ಹಳದಿ ಗೆರೆ. ಚಿಕ್ಕಮ್ಮ ಅದನ್ನು ದಾಟುವ ಹಾಗಿಲ್ಲ. ಧೂಳು ಬರುತ್ತದೆ ಎಂದು ಮಾಲೀಕರು ಕಾರಣ ಕೊಟ್ಟಿದ್ದರು. ಮಾಲೀಕರ ನಾಯಿ ಆ ಗೆರೆಯನ್ನು ದಿನಕ್ಕೆ ಹತ್ತು ಸಲ ದಾಟುತ್ತಿತ್ತು. ಅದರ ಕಾಲಿಗೆ ಧೂಳು ಅಂಟುತ್ತಿರಲಿಲ್ಲವೇನೋ.

ಕಾರು ಬಂದ ಕೂಡಲೇ ಮೊದಲು ಹಿಂದಿನ ಅಂಗಳಕ್ಕೆ ಹೋಗುತ್ತದೆ. ಚಿಕ್ಕಮ್ಮ ತೊಳೆಯುತ್ತಾಳೆ. ಕೆಸರು, ಹಕ್ಕಿಯ ಹಿಕ್ಕೆ, ಡಾಂಬರು, ಗಾಲಿಗೆ ಮೆತ್ತಿಕೊಂಡ ಸತ್ತ ಇಲಿ, ಎಲ್ಲ ಅವಳ ಕೈಯಿಂದಲೇ ಹೋಗಬೇಕು. ಗೆರೆ ದಾಟಿ ಒಳಗೆ ಬಂದ ಮೇಲೆ ಅದೇ ಕಾರನ್ನು ಅವಳು ಮುಟ್ಟುವ ಹಾಗಿಲ್ಲ. ಕೊಳೆ ಇದ್ದಾಗ ಮುಟ್ಟಬಹುದು. ಹೊಳೆದ ಮೇಲೆ ಮುಟ್ಟಬಾರದು. ಹನ್ನೊಂದು ವರ್ಷ ಹೀಗೆ.

ಅವಳು ಮೋರಿಯಾಚೆಯವಳು. ದೊಡ್ಡ ಮೋರಿಯ ಆಚೆ ಬದಿಗೆ ಒಂದು ಸಾಲು ಮನೆಗಳಿವೆ. ಅಲ್ಲಿನವರು ಎಂದರೆ ಸಾಕು, ಊರಿನ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಮೋರಿಗೆ ಗಲೀಜು ಬಿಡುವವರು ಊರಿನವರೇ. ಆ ಮಾತು ಇರಲಿ. ನಾನೂ ಅಲ್ಲಿಯವನೇ. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ಚಿಕ್ಕಮ್ಮ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರಿನವರ ಪಾತ್ರೆ ತಿಕ್ಕಿದವಳು. ಈ ಅಂಗಡಿಯಲ್ಲಿ ಮಿಷನ್ ಹಿಡಿಯುವವರು ಬೇಕಂತೆ ಎಂದು ನನಗೆ ಹೇಳಿದವಳೂ ಅವಳೇ. ಹೇಳಿದ ಕೂಡಲೇ ಇನ್ನೊಂದು ಮಾತೂ ಹೇಳಿದಳು. “ನನ್ನ ಪರಿಚಯ ಇದೆ ಅಂತ ಬಾಯಿಬಿಡ್ಬೇಡ. ಬಿಟ್ರೆ ನಿನ್ ಕೈಗೂ ಬಕೆಟ್ಟೇ ಬರುತ್ತೆ.”

ನಾನು ಬಾಯಿ ಬಿಡಲಿಲ್ಲ. ಎಲ್ಲಿಂದ ಬರ್ತೀಯಾ ಎಂದು ಮಾಲೀಕರು ಕೇಳಿದಾಗ ಮಾರುಕಟ್ಟೆ ಬೀದಿ ಅಂದೆ. ಅಂದ ಮೇಲೆ ಅಲ್ಲೊಂದು ಕೋಣೆ ಬಾಡಿಗೆಗೆ ಹಿಡಿದು ಅದನ್ನು ನಿಜವೂ ಮಾಡಿದೆ. ರಜೆಯ ದಿನ ಚಿಕ್ಕಮ್ಮನ ಮನೆಗೆ ಹೋಗುವಾಗ ತಿರುವಿನಲ್ಲಿ ನಿಂತು ಎರಡೂ ಕಡೆ ನೋಡುತ್ತಿದ್ದೆ. ಕಳ್ಳ ಹಾಗೆ ನೋಡುತ್ತಾನೆ. ನನ್ನ ಮನೆಗೇ ನಾನು ಕಳ್ಳನಾಗಿದ್ದೆ. ಆರು ವರ್ಷ.

ಈಗ ಪ್ಯಾಡಿನ ವಿಷಯ ಹೇಳಬೇಕು. ಅದು ಗೊತ್ತಾಗದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದು ಎನ್ನುವುದೂ ಗೊತ್ತಾಗುವುದಿಲ್ಲ.

ಪಾಲಿಶ್ ಎಂದರೆ ಹೊಳಪು ಹಚ್ಚುವುದು ಎಂದು ಜನ ತಿಳಿದಿದ್ದಾರೆ. ಹಚ್ಚುವುದಲ್ಲ, ಕೆರೆಯುವುದು. ಕಾರಿನ ಬಣ್ಣದ ಮೇಲೆ ಕೂದಲಿಗಿಂತ ತೆಳ್ಳಗಿನ ಒಂದು ಪದರ ಇರುತ್ತದೆ. ಗೀರುಗಳು ಆ ಪದರದಲ್ಲಿ. ಆ ಗೀರಿನ ತಳ ಮುಟ್ಟುವವರೆಗೆ ಸುತ್ತಲಿನ ಪದರವನ್ನು ಕೆರೆದು ಸಮ ಮಾಡಬೇಕು. ಹೆಚ್ಚಾದರೆ ಬಣ್ಣವೇ ಹೋಗುತ್ತದೆ. ಮಿಷನ್ನಿನ ತಟ್ಟೆಗೆ ಅಂಟಿಸುವ ದುಂಡನೆಯ ಪ್ಯಾಡು ಈ ಕೆಲಸ ಮಾಡುವುದು. ಉಣ್ಣೆಯದು ಒರಟು, ಬೇಗ ಕೆರೆಯುತ್ತದೆ. ಗಟ್ಟಿ ಸ್ಪಂಜಿನದು ಅದಕ್ಕಿಂತ ಸೌಮ್ಯ. ಮೆತ್ತನೆ ಸ್ಪಂಜಿನದು ಕೊನೆಗೆ, ಹಿಂದಿನ ಎರಡೂ ಬಿಟ್ಟುಹೋದ ಮಸುಕು ತೆಗೆಯುವುದಕ್ಕೆ. ಯಾವ ಕಾರಿಗೆ ಯಾವುದು ಎಂದು ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ. ಒಂದು ಮೂಲೆಯಲ್ಲಿ ಮೆತ್ತನೆಯದರಿಂದಲೇ ಶುರು ಮಾಡಿ ನೋಡಬೇಕು. ಆಗದಿದ್ದರೆ ಮಾತ್ರ ಒರಟಿಗೆ ಹೋಗಬೇಕು. ಬೈಯುವ ಮುಂಚೆ ಒಮ್ಮೆ ಮೆಲ್ಲಗೆ ಹೇಳಿ ನೋಡುವ ಹಾಗೆ.

ಇದೆಲ್ಲ ನನಗೆ ಕಲಿಸಿದ್ದು ಚಿಕ್ಕಮ್ಮ. ಕಾರು ತೊಳೆಯುವಾಗಲೇ ಅವಳಿಗೆ ಬಣ್ಣದ ಸ್ವಭಾವ ತಿಳಿಯುತ್ತಿತ್ತು. ಪ್ಯಾಡುಗಳನ್ನು ತೊಳೆದು, ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಸೋಪಿನ ಪುಡಿ, ಡಾಂಬರು ಕರಗಿಸುವ ಎಣ್ಣೆ, ಆಸಿಡ್ಡು ಸೇರಿ ಅವಳ ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು. ಬಿಸಿಯ ಪಾತ್ರೆ ಹಿಡಿದರೂ ತಿಳಿಯುತ್ತಿರಲಿಲ್ಲ. ಕೆನ್ನೆ ಮಾತ್ರ ಉಳಿದಿತ್ತು. ಆಮೇಲೆ ನೀಲಿ ಟ್ರೇಯಲ್ಲಿ ಪ್ಯಾಡುಗಳನ್ನು ಎಡದಿಂದ ಬಲಕ್ಕೆ ಜೋಡಿಸಿ ಗೆರೆಯ ಮೇಲಿಂದ ಒಳಗೆ ತಳ್ಳುವಳು. ನಾನು ಎಡದಿಂದ ಬಲಕ್ಕೆ ಎತ್ತಿಕೊಳ್ಳುವುದು. ಅಷ್ಟೇ ನನ್ನ ವಿದ್ಯೆ. “ಪ್ಯಾಡ್ ಆರಿಸೋದ್ರಲ್ಲಿ ನಮ್ಮ ಮೇಷ್ಟ್ರನ್ನ ಮೀರಿಸೋರಿಲ್ಲ,” ಎಂದು ಮಾಲೀಕರು ಗಿರಾಕಿಗಳ ಮುಂದೆ ನನ್ನ ಬೆನ್ನು ತಟ್ಟುತ್ತಿದ್ದರು. ನಾನು ನಾಚಿಕೊಂಡ ಹಾಗೆ ನಗುತ್ತಿದ್ದೆ.

ಇನ್ನೊಂದು ರೂಢಿ ಇತ್ತು. ಪ್ಯಾಡ್ ನೆಲಕ್ಕೆ ಬಿದ್ದರೆ ಮುಗಿಯಿತು, ಬಕೆಟ್ಟಿಗೇ ಹೋಗಬೇಕು. ಕಣ್ಣಿಗೆ ಕಾಣದ ಒಂದು ಮರಳಿನ ಕಣ ಸಾಕು. ಮಿಷನ್ನಿನ ಜೊತೆ ಸುತ್ತುತ್ತಾ ಅದು ಸಾವಿರ ಗೀರು ಎಳೆಯುತ್ತದೆ. ಮಿಷನ್ನಿನ ಗದ್ದಲದಲ್ಲಿ ನನಗೆ ತಿಳಿಯದೆ ಏನಾದರೂ ಬಿದ್ದರೆ ಚಿಕ್ಕಮ್ಮ ಗೆರೆಯಾಚೆಯಿಂದ ಕೂಗುತ್ತಿದ್ದಳು, “ಬಿತ್ತು!” ಎಂದು. ಕೂಗಿದ್ದೇ ಟ್ರೇಯಲ್ಲಿ ಇನ್ನೊಂದು ಪ್ಯಾಡ್ ಒಳಗೆ ಜಾರಿಬರುತ್ತಿತ್ತು.

ಆ ದಿನ ಒಳಗಿದ್ದದ್ದು ಗಡಿಯಾರದಂಗಡಿಯವರ ಕಪ್ಪು ಕಾರು. ಮೂರು ದಿನದ ಕೆಲಸ, ಕೊನೆಯ ದಿನ. ಅವರು ಸ್ವತಃ ನೋಡಲು ಬಂದಿದ್ದರು. ಗಡಿಯಾರ ರಿಪೇರಿ ಮಾಡುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ಅವರ ಜೇಬಿನಲ್ಲೇ ಇರುತ್ತಿತ್ತು. ಮಾಲೀಕರು ಅವರಿಗೆ ಕುರ್ಚಿ ಹಾಕಿಸಿ ನನ್ನನ್ನು ಕರೆದರು.

“ಹೇಳಪ್ಪಾ ಮೇಷ್ಟ್ರೇ, ಪ್ಯಾಡ್ ಹೇಗೆ ಆರಿಸ್ತೀಯ, ಸಾಹೇಬ್ರಿಗೆ ಹೇಳು.”

ನಾನು ಹೇಳಿದೆ. ಬಾಯಿ ತುಂಬ ಹೇಳಿದೆ. “ಬಣ್ಣ ನೋಡಿದ ಕೂಡಲೇ ನಂಗೆ ತಿಳಿಯುತ್ತೆ ಸಾರ್. ಕಪ್ಪು ಬಣ್ಣ ಮೆತ್ತಗಿರುತ್ತೆ. ಉಣ್ಣೆ ಮುಟ್ಟಿಸಿದ್ರೆ ಹೋಯ್ತು. ಬೆರಳಲ್ಲಿ ಒತ್ತಿ ನೋಡಿದ್ರೆ ಪ್ಯಾಡೇ ಮಾತಾಡುತ್ತೆ.”

ಬೆರಳಲ್ಲಿ! ಗೆರೆಯಾಚೆ ನಿಂತಿದ್ದವಳಿಗೆ ಕೇಳಿಸುತ್ತಿತ್ತು. ಅವಳು ತುಟಿ ಕಚ್ಚಿ ನಗು ತಡೆದಿದ್ದು ನನಗೆ ಕಾಣಿಸಿತು. ಅವಳಿಗೆ ಹೊಟ್ಟೆಕಿಚ್ಚಿರಲಿಲ್ಲ. ಮಗ ದೊಡ್ಡ ಮನುಷ್ಯನ ಹಾಗೆ ಮಾತಾಡುತ್ತಿದ್ದಾನೆ ಎಂಬ ಖುಷಿ.

ಮಾತಾಡುತ್ತಲೇ ಮಿಷನ್ ತಿರುಗಿಸಿ ಹಿಡಿದೆ. ಮೆತ್ತನೆ ಪ್ಯಾಡು ತಟ್ಟೆಗೆ ಸರಿಯಾಗಿ ಕಚ್ಚಿರಲಿಲ್ಲ. ಕಳಚಿ ನೆಲಕ್ಕೆ ಬಿದ್ದು, ಚಕ್ರದ ಹಾಗೆ ಉರುಳಿ, ಗಡಿಯಾರದವರ ಬೂಟಿನ ಹತ್ತಿರ ಮಗುಚಿಕೊಂಡಿತು.

“ಬಿತ್ತು!” ಅಂದಳು ಚಿಕ್ಕಮ್ಮ.

ಟ್ರೇ ಸರಕ್ಕನೆ ಒಳಗೆ ಬಂತು. ಅದರಲ್ಲಿ ಬೇರೆ ಪ್ಯಾಡು.

ನಾನು ಟ್ರೇ ಕಡೆ ನೋಡಲಿಲ್ಲ. ಬೆರಳಲ್ಲೇ ಪ್ಯಾಡ್ ಮಾತಾಡಿಸುವ ಮೇಷ್ಟ್ರು ತೊಳೆಯುವವಳ ಮಾತು ಕೇಳಿ ಪ್ಯಾಡ್ ಬದಲಿಸುವುದೇ? ಅದೂ ಗಿರಾಕಿಯ ಎದುರಿಗೆ? ಬಿದ್ದದ್ದನ್ನೇ ಎತ್ತಿಕೊಂಡು ತೊಡೆಗೆ ಎರಡು ಸಲ ಬಡಿದು ಮತ್ತೆ ಅಂಟಿಸಿದೆ.

“ಬಿತ್ತು... ಬಿತ್ತು ಅದು,” ಅಂದಳು ಮತ್ತೆ, ಮೆಲ್ಲಗೆ.

“ಯಾಕಂತೆ ಅವಳದು ಗಲಾಟೆ?” ಅಂದರು ಮಾಲೀಕರು.

“ಏನಿಲ್ಲ ಸಾರ್.” ಮಿಷನ್ ಚಾಲೂ ಮಾಡಿದೆ.

ಬಾನೆಟ್ಟಿನ ಮೇಲೆ ಪ್ಯಾಡು ಒಂದು ಸುತ್ತು ಸುತ್ತುವಷ್ಟರಲ್ಲಿ ಹಿಡಿಕೆಯ ಮೂಲಕ ನನ್ನ ಅಂಗೈಗೆ ಒಂದು ಸಣ್ಣ ಕರಕರ ಬಂತು. ಹಲ್ಲಿನ ಕೆಳಗೆ ಮರಳು ಸಿಕ್ಕ ಹಾಗೆ. ನನಗೆ ತಿಳಿಯಿತು. ತಿಳಿಯಲಿಲ್ಲ ಎಂದು ಇಲ್ಲಿ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಿಲ್ಲಿಸಬಹುದಿತ್ತು. ಆದರೆ ಪಾಲಿಶಿನ ಎಣ್ಣೆಯಂಶ ಗೀರುಗಳಲ್ಲಿ ತುಂಬಿಕೊಂಡು ಬಾನೆಟ್ಟು ಹೊಳೆಯುತ್ತಿತ್ತು. ಟ್ಯೂಬ್‌ಲೈಟಿನ ಕೆಳಗೆ ಏನೂ ಕಾಣುತ್ತಿರಲಿಲ್ಲ. ಪೂರ್ತಿ ಮುಗಿಸಿ ಬಟ್ಟೆಯಿಂದ ಒರೆಸಿದೆ.

ಮಧ್ಯಾಹ್ನ ಕಾರನ್ನು ಬಿಸಿಲಿಗೆ ತಂದೆವು. ಗಡಿಯಾರದವರು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಬಾನೆಟ್ಟಿನ ಮೇಲೆ ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು. ಕನ್ನಡಿಯ ಅಗತ್ಯವೇ ಇರಲಿಲ್ಲ. ಬಿಸಿಲು ಬಿದ್ದ ಕಡೆಯೆಲ್ಲ ಜೇಡರ ಬಲೆಯ ಹಾಗೆ ಸುತ್ತುಸುತ್ತಾಗಿ ಗೀರುಗಳು.

“ಇದೇನ್ರೀ ಇದು?”

ಮಾಲೀಕರು ನನ್ನನ್ನು ನೋಡಿದರು. ಅವರ ಕಿವಿ ಕೆಂಪಗಾಗಿತ್ತು. “ಏನೋ ಇದು?”

ನನ್ನ ಬಾಯಲ್ಲಿ ಆ ಮಾತು ಮೊದಲೇ ಬಂದು ಕೂತಿತ್ತು. “ಪ್ಯಾಡ್ ಸರಿಯಾಗಿ ತೊಳೆದಿರ್ಲಿಲ್ಲ ಅನ್ಸುತ್ತೆ ಸಾರ್.”

ಅಷ್ಟೇ. ಒಂದೇ ವಾಕ್ಯ. ಅದರ ಕೊನೆಗೆ ‘ಅನ್ಸುತ್ತೆ’ ಎಂದು ಬೇರೆ ಸೇರಿಸಿದ್ದೆ. ಆ ‘ಅನ್ಸುತ್ತೆ’ಯ ಹಿಂದೆ ಅವಿತುಕೊಂಡಿದ್ದೆ.

ಮಾಲೀಕರು ಒಳಗೆ ನುಗ್ಗಿದರು. ಹಿಂದೆ ಗಡಿಯಾರದವರು, ಅವರ ಹಿಂದೆ ನಾನು. ಕಾರಿನ ಸೀಟು ಒರೆಸುವ ಸೀಟಣ್ಣ ಕೈಯಲ್ಲಿ ಬಟ್ಟೆ ಹಿಡಿದು ನಿಂತ.

“ಏಯ್, ಇಲ್ಲಿ ಬಾ. ಅಲ್ಲೇ ನಿಲ್ಲು.”

ಬಾ ಅಂದದ್ದಕ್ಕೂ ನಿಲ್ಲು ಅಂದದ್ದಕ್ಕೂ ನಡುವೆ ಅವಳ ಕಾಲ ಹೆಬ್ಬೆರಳು ಹಳದಿ ಗೆರೆ ಮುಟ್ಟಿತ್ತು. ಹಿಂದಕ್ಕೆ ಎಳೆದುಕೊಂಡಳು.

“ಪ್ಯಾಡ್ ತೊಳೆದಿದ್ಯಾ?”

“ತೊಳೆದಿದ್ದೆ ಸಾರ್.”

“ಸರಿಯಾಗಿ ತೊಳೆದಿದ್ದೀಯ ಅಂತ ನಿಂಗೆ ಹೇಗೆ ಗೊತ್ತು?”

ಹನ್ನೊಂದು ವರ್ಷದಲ್ಲಿ ಯಾರೂ ಅವಳಿಗೆ ಆ ಪ್ರಶ್ನೆ ಕೇಳಿರಲಿಲ್ಲ. ಗದರಿಕೆಯಲ್ಲಿ ಕೇಳಿದರೂ ಕೇಳಿದರಲ್ಲ ಎಂದು ಅವಳ ಮುಖ ಒಂದು ಗಳಿಗೆ ಬೆಳಗಿತು. ಪ್ಯಾಡ್ ಒಣಗಿಸಲು ಕಟ್ಟಿದ್ದ ಹಗ್ಗದ ಮೇಲಿಂದ ಒಂದನ್ನು ತೆಗೆದುಕೊಂಡು, ಕಣ್ಣು ಮುಚ್ಚಿ, ಬಲಗೆನ್ನೆಗೆ ಒತ್ತಿ, ನಿಧಾನವಾಗಿ ತಿರುಗಿಸಿ ತೋರಿಸಿದಳು.

“ಹೀಗೆ ಸಾರ್. ಕೈಗೆ ಸಿಗದೆ ಇರೋ ಕಸ ಕೆನ್ನೆಗೆ ಸಿಗುತ್ತೆ.”

“ಎಲ್ಲಾ ಪ್ಯಾಡನ್ನೂ ಹೀಗೇ ಮಾಡ್ತೀಯಾ?”

“ಎಲ್ಲಾನೂ ಸಾರ್. ಒಂದೂ ಬಿಡಲ್ಲ.” ಹೆಮ್ಮೆಯಿಂದಲೇ ಅಂದಳು.

“ಥೂ!”

ಅವಳು ಕಣ್ಣು ತೆರೆದಳು. ಪ್ಯಾಡು ಇನ್ನೂ ಕೆನ್ನೆಯ ಮೇಲೇ ಇತ್ತು.

“ನಿನ್ನ ಮುಖಕ್ಕೆ ಒರೆಸಿದ್ದನ್ನ ಇಂಥವರ ಕಾರಿಗೆ ಒರೆಸ್ತಾ ಇದೀವೇನೇ ಇಷ್ಟು ವರ್ಷ?”

ಗಡಿಯಾರದವರು ಬಾನೆಟ್ಟು ಮುಟ್ಟಿದ್ದ ತಮ್ಮ ಕೈ ನೋಡಿಕೊಂಡರು. ಕರವಸ್ತ್ರ ತೆಗೆದು ಒಂದೊಂದೇ ಬೆರಳು ಒರೆಸಿಕೊಂಡರು. ಗೀರಿನ ಮಾತು ಅಲ್ಲಿಗೆ ಹಿಂದೆ ಬಿತ್ತು. ಅವಳ ಕೆನ್ನೆಯ ಮಾತು ಮುಂದೆ ಬಂತು.

“ಅಷ್ಟೂ ಪ್ಯಾಡ್ ಕಸಕ್ಕೆ ಹಾಕು,” ಅಂದರು ಮಾಲೀಕರು. “ಬೇರೆ ಯಾರೂ ಮುಟ್ಬೇಡಿ. ಅವಳ ಕೈಯಿಂದಲೇ ಹೋಗ್ಲಿ.”

ಅವಳು ಹಾಕಿದಳು. ಹಗ್ಗದಿಂದ ಒಂದೊಂದೇ ತೆಗೆದು ಕಸದ ಡ್ರಮ್ಮಿಗೆ ಹಾಕಿದಳು. ಉಣ್ಣೆಯವು, ಗಟ್ಟಿಯವು, ಮೆತ್ತನೆಯವು. ಎಸೆಯಲಿಲ್ಲ. ಮಲಗಿಸಿದ ಹಾಗೆ ಇಟ್ಟಳು. ನನ್ನ ಮಿಷನ್ನಿನಲ್ಲಿದ್ದ ಆ ಬಿದ್ದ ಪ್ಯಾಡನ್ನು ನಾನು ಕಿತ್ತು ನೆಲಕ್ಕೆ ಹಾಕಿದೆ, ಸೀಟಣ್ಣ ಕಾಲಿನಿಂದ ಗೆರೆಯಾಚೆ ತಳ್ಳಿದ. ಅದನ್ನೂ ಎತ್ತಿ ಹಾಕಿದಳು. ನಾಯಿ ಬಂದು ಡ್ರಮ್ಮು ಮೂಸಿ, ಗೆರೆ ದಾಟಿ, ಸೋಫಾದ ಕೆಳಗೆ ಹೋಗಿ ಮಲಗಿತು.

“ಈಗ ಸಾಹೇಬ್ರಿಗೆ ಕೈ ಮುಗಿದು ತಪ್ಪಾಯ್ತು ಅನ್ನು.”

“ಯಾವ ತಪ್ಪು ಸಾರ್?”

“ಯಾವ ತಪ್ಪಾ? ಬಾನೆಟ್ ಹಾಳಾಗಿದ್ದು ಕಾಣಲ್ವಾ?”

“ಪ್ಯಾಡ್ ಬಿತ್ತು ಸಾರ್. ಬಿತ್ತು ಅಂದೆ. ಎರಡು ಸಲ ಅಂದೆ. ಯಾರಿಗೂ ಕೇಳಿಸ್ಲಿಲ್ವಾ?”

ಕೇಳಿಸಿತ್ತು. ಮಾಲೀಕರಿಗೆ ಕೇಳಿಸಿತ್ತು. ಸೀಟಣ್ಣನಿಗೆ ಕೇಳಿಸಿತ್ತು. ಪ್ಯಾಡು ಗಡಿಯಾರದವರ ಬೂಟಿನ ಹತ್ತಿರವೇ ಬಂದು ಬಿದ್ದಿತ್ತು. ಮಾಲೀಕರು ನನ್ನ ಕಡೆ ತಿರುಗಿದರು.

“ಏನೋ, ಬಿತ್ತಾ?”

ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳ ಬಲಗೆನ್ನೆಯ ಮೇಲೆ ಸ್ಪಂಜಿನ ಒದ್ದೆ ಗುರುತು ದುಂಡಗೆ ಉಳಿದಿತ್ತು.

“ಇಲ್ಲ ಸಾರ್,” ಅಂದೆ.

ಅವಳು ಕೂಗಾಡಬಹುದಿತ್ತು. ಇವನು ನನ್ನ ಅಕ್ಕನ ಮಗ, ನಾನು ಸಾಕಿದವನು, ಇವನೂ ಮೋರಿಯಾಚೆಯವನೇ ಅನ್ನಬಹುದಿತ್ತು. ಅಷ್ಟು ಸಾಕಿತ್ತು, ಮಿಷನ್ನು ನನ್ನ ಕೈಬಿಟ್ಟು ಹೋಗುವುದಕ್ಕೆ. ಅನ್ನಲಿಲ್ಲ. ಎದುರಿಗಿರುವ ಬಣ್ಣ ಎಂಥದ್ದು ಎಂದು ನೋಡುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ಮಾಲೀಕರ ಕಡೆ ತಿರುಗಿದಳು.

“ಅನ್ನಲ್ಲ,” ಅಂದಳು.

“ಏನಂದೆ?”

“ತಪ್ಪಾಯ್ತು ಅನ್ನಲ್ಲ. ನಂದಲ್ಲ ತಪ್ಪು. ನನ್ನ ಕೆನ್ನೇದೂ ಅಲ್ಲ.”

ಸೊಂಟಕ್ಕೆ ಕಟ್ಟಿದ್ದ ರಬ್ಬರಿನ ಹಾಳೆ ಬಿಚ್ಚಿ ತೊಟ್ಟಿಯ ಅಂಚಿಗೆ ಹಾಕಿದಳು. ಹಿಂದಿನ ಗೇಟು ಅವಳ ಬೆನ್ನಿಗೇ ಇತ್ತು. ಆ ಕಡೆ ತಿರುಗಲಿಲ್ಲ. ಹಳದಿ ಗೆರೆಯ ಮೇಲೆ ಕಾಲಿಟ್ಟಳು. ದಾಟಿದಳು. ಬರಿಗಾಲು, ಒದ್ದೆ. ಪಾಲಿಶ್ ಕೋಣೆಯ ನಟ್ಟನಡುವೆ, ಟ್ಯೂಬ್‌ಲೈಟುಗಳ ಕೆಳಗೆ, ನನ್ನ ಭುಜದ ಪಕ್ಕದಲ್ಲೇ ಹಾದು, ಸೋಫಾ ಬಳಸಿ, ಗಾಜಿನ ಬಾಗಿಲಿನ ಹತ್ತಿರ ಹೋದಳು. ಆ ಬಾಗಿಲು ತಳ್ಳಬೇಕೋ ಎಳೆಯಬೇಕೋ ಅವಳಿಗೆ ಗೊತ್ತಿರಲಿಲ್ಲ. ಒಮ್ಮೆ ತಳ್ಳಿದಳು. ಬರಲಿಲ್ಲ. ಎಳೆದಳು. ಹೋದಳು.

ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಅವಳನ್ನು ಮುಟ್ಟಬೇಕಿತ್ತು.

“ನೆಲ ಒರೆಸ್ರೋ,” ಅಂದರು ಮಾಲೀಕರು. ಒದ್ದೆ ಹೆಜ್ಜೆಗಳನ್ನು ಸೀಟಣ್ಣ ಒರೆಸಿದ. ನಾನು ನೋಡುತ್ತಾ ನಿಂತಿದ್ದೆ.

ಸಂಜೆ ಮೋರಿಯ ತಿರುವಿನವರೆಗೆ ಹೋದೆ. ಎರಡೂ ಕಡೆ ನೋಡಿದೆ. ಯಾರೂ ಇರಲಿಲ್ಲ. ಆದರೂ ವಾಪಸು ಬಂದೆ.

ಮರುದಿನ ಹೊಸ ಪ್ಯಾಡುಗಳು ಬಂದವು, ಪ್ಲಾಸ್ಟಿಕ್ ಪ್ಯಾಕೆಟ್ಟುಗಳಲ್ಲಿ. ಬೇರೆ ಕಂಪನಿಯವು. ಯಾವುದು ಗಟ್ಟಿ ಯಾವುದು ಮೆತ್ತಗೆ ಎಂದು ಬಣ್ಣದಿಂದ ಗುರುತಿಸುವ ಹಾಗೂ ಇಲ್ಲ, ಒಂದೊಂದು ಕಂಪನಿಯದು ಒಂದೊಂದು ಬಣ್ಣ. ನೀಲಿ ಟ್ರೇ ಖಾಲಿ ಬಿದ್ದಿತ್ತು. ಪ್ಯಾಕೆಟ್ಟುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ಒಂದನ್ನು ಹಿಚುಕಿದೆ. ಇನ್ನೊಂದನ್ನು ಹಿಚುಕಿದೆ. ಏನೂ ಮಾತಾಡಲಿಲ್ಲ.

“ಬೇಗ ಬೇಗ. ನಿನ್ನೆ ಬಾನೆಟ್ ಸರಿಮಾಡು. ಮಧ್ಯಾಹ್ನ ಸಾಹೇಬ್ರು ಬರ್ತಾರೆ,” ಅಂದರು ಮಾಲೀಕರು.

“ಏನ್ ಮೇಷ್ಟ್ರೇ, ಶಾಸ್ತ್ರ ಮರೆತುಹೋಯ್ತಾ?” ಅಂದ ಸೀಟಣ್ಣ.

ಗಟ್ಟಿ ಅನ್ನಿಸಿದ್ದನ್ನು ಅಂಟಿಸಿ ಬಾನೆಟ್ಟಿನ ಒಂದು ಮೂಲೆಯಲ್ಲಿ ಪ್ರಯತ್ನಿಸಿದೆ. ಗೀರು ಹೋಗಲಿಲ್ಲ. ಇನ್ನೊಂದು ಹಾಕಿದೆ. ಗೀರು ಹೋಯಿತು, ಅದರ ಜಾಗಕ್ಕೆ ಹೊಗೆ ಕವಿದ ಹಾಗೆ ಮಸುಕು ಬಂತು. ಮೆತ್ತನೆಯ ಎರಡು ಪ್ಯಾಡು ತೆಗೆದುಕೊಂಡು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಲ್ಲಿ ನಿಂತು ಒಂದನ್ನು ಬಲಗೆನ್ನೆಗೆ ಒತ್ತಿಕೊಂಡೆ. ಕಣ್ಣು ಮುಚ್ಚಿದೆ. ನಿಧಾನಕ್ಕೆ ತಿರುಗಿಸಿದೆ. ಏನೋ ಚುಚ್ಚಿತು, ಪ್ಯಾಕಿಂಗಿನ ಪ್ಲಾಸ್ಟಿಕ್ ಚೂರು. ಬೆರಳಿನಿಂದ ಹತ್ತು ಸಲ ಸವರಿದರೂ ಸಿಕ್ಕಿರಲಿಲ್ಲ ಅದು. ಎರಡನೆಯದನ್ನು ಒತ್ತಿದೆ. ನುಣ್ಣಗಿತ್ತು. ಅವಳ ಕೆನ್ನೆಯೇ ಒತ್ತಿದ ಹಾಗೆ. ಚಿಕ್ಕವನಿದ್ದಾಗ ಜ್ವರ ಬಂದರೆ ಹಣೆಗೆ ಕೈ ಇಡುತ್ತಿರಲಿಲ್ಲ ಅವಳು, ಕೆನ್ನೆ ಇಡುತ್ತಿದ್ದಳು. ಆಗಲೇ ಅವಳ ಕೈ ಸತ್ತಿತ್ತು, ಪಾತ್ರೆ ತಿಕ್ಕಿ ತಿಕ್ಕಿ. ಅದು ನನಗೆ ಹೊಳೆದದ್ದು ಕಕ್ಕಸಿನಲ್ಲಿ, ಇಪ್ಪತ್ತು ವರ್ಷ ತಡವಾಗಿ.

ಹೊರಗೆ ಬಂದು ಆ ಪ್ಯಾಡ್ ಅಂಟಿಸಿ ಕೆಲಸ ಶುರು ಮಾಡಿದೆ. ಮಸುಕು ಹೋಯಿತು. ಅರ್ಧ ಬಾನೆಟ್ಟು ಕನ್ನಡಿಯಾಯಿತು. ಗಡಿಯಾರದವರು ಬಂದರು. ಮಾಲೀಕರು ಅವರನ್ನು ಕರೆದುಕೊಂಡು ಹತ್ತಿರ ಬಂದವರು ನನ್ನ ಮುಖ ನೋಡಿ ನಿಂತರು.

“ಏನೋ ಅದು, ಕೆನ್ನೆ ಮೇಲೆ?”

ಕೈಯಿಂದ ಮುಟ್ಟಿ ನೋಡಿಕೊಂಡೆ. ಪ್ಯಾಡ್ ಒತ್ತುವಾಗ ಪಾಲಿಶ್ ಮೆತ್ತಿದ ಬೆರಳು ತಾಗಿ ಬಲಗೆನ್ನೆಯ ಮೇಲೆ ಬಿಳಿಯ ಗುರುತು ಉಳಿದಿತ್ತು. ಒರೆಸಿಕೊಳ್ಳಬಹುದಿತ್ತು. ನನಗೂ ಬೇಸರವಾಗಿತ್ತು, ಒರೆಸಿ ಒರೆಸಿ.

“ಪ್ಯಾಡ್ ನೋಡ್ದೆ ಸಾರ್. ಕೆನ್ನೆಗೆ ಒತ್ತಿ.”

ಸೀಟಣ್ಣನ ಕೈ ನಿಂತಿತು.

“ತಮಾಷೆ ಮಾಡ್ತೀಯಾ? ಎಲ್ಲಿ ಕಲಿತೆ ಅದನ್ನ?”

“ಚಿಕ್ಕಮ್ಮನ ಹತ್ರ.”

“ಯಾವ ಚಿಕ್ಕಮ್ಮ?”

“ನಿನ್ನೆ ಈ ಬಾಗಿಲಿಂದ ಹೋದಳಲ್ಲ. ಅವಳೇ.”

ಮಾಲೀಕರು ಒಂದು ಹೆಜ್ಜೆ ಹಿಂದೆ ಸರಿದರು. ಬೇಕೆಂದು ಸರಿದದ್ದಲ್ಲ, ಕಾಲು ತಾನಾಗಿ ಸರಿಯಿತು. ಅವರ ಕಣ್ಣು ನನ್ನಿಂದ ತಣ್ಣೀರಿನ ಯಂತ್ರಕ್ಕೆ, ಅದರ ಮೇಲಿದ್ದ ಲೋಟಕ್ಕೆ ಹೋಯಿತು.

“ಆರು ವರ್ಷ ನಮ್ಮ ಜೊತೆ ಕೂತು ಊಟ ಮಾಡಿದ್ದೀಯಲ್ಲೋ.”

“ಮಾಡಿದ್ದೀನಿ ಸಾರ್. ನಿಮಗೇನೂ ಆಗ್ಲಿಲ್ಲ.” ವೀರನ ಹಾಗೇನೂ ಹೇಳಲಿಲ್ಲ ನಾನು. “ನಿನ್ನೆ ಪ್ಯಾಡ್ ಬಿತ್ತು. ನಾನೇ ಎತ್ತಿ ಹಾಕ್ದೆ. ಕರಕರ ಅಂದಿದ್ದೂ ಗೊತ್ತಾಯ್ತು. ಅವಳು ತೊಳೆದಿದ್ದು ಸರಿಯಾಗೇ ಇತ್ತು. ನಾನು ಸುಳ್ಳು ಹೇಳ್ದೆ.”

“ಬಿದ್ದಿದ್ದು ನಾನೂ ನೋಡಿದೆ,” ಅಂದರು ಗಡಿಯಾರದವರು. ಸಮಯ ಎಷ್ಟು ಎಂದು ಹೇಳುವ ಹಾಗೆ ಅಂದರು. “ನನ್ನ ಕಾಲ ಹತ್ರಾನೇ ಬಂತಲ್ಲ.”

“ನಿನ್ನೆ ಯಾಕೆ ಹೇಳ್ಲಿಲ್ಲ ಸಾರ್?”

“ನನ್ನನ್ನ ಯಾರು ಕೇಳಿದ್ರು?”

ಮಾಲೀಕರು ಗಂಟಲು ಸರಿಮಾಡಿಕೊಂಡರು. “ಆಯ್ತು, ಆ ಪುರಾಣ ಬಿಡು. ಬಾನೆಟ್ ಮುಗಿಸು ಮೊದಲು. ನಿಂದೇನು ಅಂತ ಆಮೇಲೆ ನೋಡೋಣ.”

ಕೊಳೆ ಇದ್ದಾಗ ಮುಟ್ಟಬಹುದು, ಹೊಳೆದ ಮೇಲೆ ಮುಟ್ಟಬಾರದು. ನನ್ನ ಸರದಿ ಬಂದಿತ್ತು. ಅರ್ಧ ಬಾನೆಟ್ಟು ಬಾಕಿ ಇರುವವರೆಗೆ ನಾನು ಮೇಷ್ಟ್ರು.

ಪ್ಲಗ್ ಕಿತ್ತೆ. ವೈರು ಸುತ್ತಿ ಮಿಷನ್ನನ್ನು ನೆಲಕ್ಕಿಟ್ಟೆ.

“ಉಳಿದಿದ್ದು ನೀವೇ ಮಾಡ್ಕೊಳ್ಳಿ ಸಾರ್. ಪ್ಯಾಕೆಟ್ಟಲ್ಲಿ ಇನ್ನೂ ಪ್ಯಾಡಿವೆ. ಯಾರ ಕೆನ್ನೆಗೂ ತಾಗಿಲ್ಲ.”

ಗಾಜಿನ ಬಾಗಿಲಿನಿಂದ ಹೋಗಲಿಲ್ಲ. ಅದನ್ನು ತೆರೆದವಳು ಅವಳು. ಹಿಂದಿನ ಅಂಗಳಕ್ಕೆ ಹೋದೆ. ಡ್ರಮ್ಮಿಗೆ ಕೈ ಹಾಕಿ ಹುಡುಕಿದೆ. ಎಲ್ಲಕ್ಕಿಂತ ಮೇಲಿತ್ತು ಆ ಬಿದ್ದ ಪ್ಯಾಡು. ಅಂಗಿಯೊಳಗೆ ಇಟ್ಟುಕೊಂಡು ಗೇಟು ದಾಟಿದೆ.

ಈ ಸಲ ತಿರುವಿನಲ್ಲಿ ಯಾವ ಕಡೆಯೂ ನೋಡಲಿಲ್ಲ. ಅದೇನೂ ದೊಡ್ಡ ಸಂಗತಿಯಲ್ಲ ಎಂದು ಆಮೇಲೆ ತಿಳಿಯಿತು.

ಚಿಕ್ಕಮ್ಮ ಮನೆಯ ಮುಂದಿನ ಕಲ್ಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಯಾರದೋ ಮನೆಯ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ಒಂದೇ ದಿನದಲ್ಲಿ ಹಳೆಯ ಕೆಲಸಕ್ಕೆ ಮರಳಿದ್ದಳು.

“ಚಿಕ್ಕಮ್ಮಾ.”

“ಇಲ್ಲಿ ಜೋರಾಗೇ ಕರೀತೀಯ,” ಅಂದಳು. ತಲೆ ಎತ್ತಲಿಲ್ಲ.

“ಹೇಳ್ಬಿಟ್ಟೆ. ಎಲ್ಲಾ ಹೇಳ್ಬಿಟ್ಟೆ ಅವರಿಗೆ.”

“ಏನಂತ?”

“ಪ್ಯಾಡ್ ಬಿತ್ತು ಅಂತ. ನಾನು ಸುಳ್ಳು ಹೇಳ್ದೆ ಅಂತ. ನೀನು ನನ್ನ ಚಿಕ್ಕಮ್ಮ ಅಂತ. ಕೆಲಸಾನೂ ಬಿಟ್ಟೆ.”

“ಯಾವಾಗ?”

“ಈಗ. ಅಲ್ಲಿಂದಲೇ ಬರ್ತಿದ್ದೀನಿ.”

ಪಾತ್ರೆಯನ್ನು ಮಗುಚಿ ತಳ ತಿಕ್ಕತೊಡಗಿದಳು. “ನಾನಲ್ಲಿ ನಿಂತಿದ್ದು ನಿನ್ನೆ,” ಅಂದಳು.

ನನಗೆ ಅಳು ಬಂತು. ಅಳು ಬಂದಾಗ ಮನುಷ್ಯ ಎಂಥೆಂಥ ಮಾತಾಡುತ್ತಾನೆ! “ನೀನೇ ಒಂದು ಮಾತು ಅನ್ಬಹುದಿತ್ತಲ್ಲ, ಇವನು ನನ್ನ ಮಗ ಅಂತ,” ಎಂದುಬಿಟ್ಟೆ.

ಆಗ ತಲೆ ಎತ್ತಿದಳು. ಕೋಪ ಇರಲಿಲ್ಲ ಮುಖದಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

“ಅಂದಿದ್ರೆ ನಿನ್ನನ್ನೂ ಗೆರೆ ಆಚೆ ನಿಲ್ಲಿಸ್ತಿದ್ರು. ಇಬ್ರು ಯಾಕೆ ನಿಲ್ಬೇಕು ಅಂತ ಸುಮ್ಮನಿದ್ದೆ.” ಪಾತ್ರೆಗೆ ನೀರು ಸುರಿದಳು. “ನೀನಾಗೇ ಬಂದು ಪಕ್ಕದಲ್ಲಿ ನಿಲ್ತೀಯೇನೋ ಅಂತಾನೂ ನೋಡ್ತಿದ್ದೆ.”

ಅಂಗಿಯೊಳಗಿಂದ ಪ್ಯಾಡ್ ತೆಗೆದು ಅವಳ ಮುಂದೆ ಹಿಡಿದೆ. ಅವಳು ಅದನ್ನು ಮುಟ್ಟಲಿಲ್ಲ.

“ಒತ್ತಿ ನೋಡು,” ಅಂದಳು.

ಒತ್ತಿಕೊಂಡೆ. ತಿರುಗಿಸಿದೆ. ಒಂದು ಕಡೆ ಚುರುಕ್ ಅಂತು. ಸಾಸಿವೆಯ ಕಾಲು ಭಾಗವೂ ಇಲ್ಲದ ಒಂದು ಕಣ.

“ಸಿಕ್ತಾ?”

“ಸಿಕ್ತು.”

“ತೊಳಿ ಅದನ್ನ,” ಎಂದು ಪಕ್ಕದಲ್ಲಿದ್ದ ಬಕೆಟ್ಟನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.

ಕುಕ್ಕರುಗಾಲಿನಲ್ಲಿ ಕೂತೆ. ಸೋಪು ಹಚ್ಚಿದೆ, ತಿಕ್ಕಿದೆ, ಹಿಂಡಿದೆ, ಮತ್ತೆ ಅದ್ದಿದೆ. ನೀರು ಬೂದಿ ಬಣ್ಣಕ್ಕೆ ತಿರುಗಿತು. ಚಿಕ್ಕಮ್ಮ ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಗೋಡೆಯ ಬದಿಗೆ ಬೋರಲು ಹಾಕುತ್ತಿದ್ದಳು. ನೀರಿನಿಂದ ಎತ್ತಿ ಕೊಡವುವಾಗ ಪ್ಯಾಡು ನನ್ನ ಸೋಪಿನ ಕೈಯಿಂದ ಜಾರಿತು. ನೆಲಕ್ಕೆ ಬಿದ್ದು, ಉರುಳಿ, ಅವಳ ಕಾಲ ಹತ್ತಿರ ಮಗುಚಿಕೊಂಡಿತು.

ಅವಳು ನೋಡಿದಳು. ಬಿತ್ತು ಅನ್ನಲಿಲ್ಲ. ಇನ್ನೊಂದು ಪಾತ್ರೆ ಎತ್ತಿ ಗೋಡೆಯ ಬದಿಗೆ ಬೋರಲು ಹಾಕಿದಳು.

ನಾನು ಎದ್ದು ಹೋಗಿ ಪ್ಯಾಡ್ ಎತ್ತಿಕೊಂಡು ಬಂದು ಮತ್ತೆ ಬಕೆಟ್ಟಿಗೆ ಹಾಕಿದೆ.